ಘನ ಮಾಸ್ತರರ ಕರಗದ ಬರ್ಫ

ಮಾರ್ಚ್ ತಿಂಗಳ ನಡುಹಗಲಿನಲ್ಲಿ ಕಳಕಪ್ಪ ಮಾಸ್ತರರು ಈದ ಎಮ್ಮೆಯಷ್ಟು ದಪ್ಪದ ಬರ್ಫದ ಗಡ್ಡೆಯನ್ನು ಬರಿ ತಲೆಯ ಮೇಲೆ ಹೊತ್ತು, ಗಂಗಾವತಿಯಿಂದ ಹುಣಸಿಕೊಪ್ಪದ ಸಾಲೆಯವರೆಗೆ ನಡೆದುಕೊಂಡೇ ತಂದರು. ಒಂದೇ ಒಂದು ಹನಿ ಕರಗಲಿಲ್ಲ. ಕರಗುವುದು ಒತ್ತಟ್ಟಿಗಿರಲಿ, ಕೊಪ್ಪಳ ದಾಟುವ ಹೊತ್ತಿಗೆ ಗಡ್ಡೆ ಇನ್ನೂ ಒಂದು ಗೇಣು ಬೆಳೆದಿತ್ತು. ಕುಷ್ಟಗಿ ಕಡೆಯ ಬಂಡೆಗಳು ಬಿಸಿಲಿಗೆ ಹಪ್ಪಳದಂತೆ ಉಬ್ಬಿ ಟಪ್ಪೆಂದು ಒಡೆಯುವ ಕಾಲವದು. ಕಾಗೆಗಳು ಒಂದರ ನೆರಳಲ್ಲಿ ಇನ್ನೊಂದು ಹಾರುತ್ತಿದ್ದವು. ಅಂಥದ್ದರಲ್ಲಿ ಮಾಸ್ತರರು ಹೊರಡುವಾಗ ಬರ್ಫಕ್ಕೆ ಒಂದೇ ಮಾತು ಹೇಳಿದ್ದರು: “ಕರಗಿದಿ ಅಂದ್ರ ನೋಡ ಮತ್ತ.” ಬರ್ಫ ಅಂಜಿತು. ಊರಿನ ಎರಡು ತಲೆಮಾರನ್ನು ಬೆಂಚಿನ ಮೇಲೆ ನಿಲ್ಲಿಸಿದ ಕಣ್ಣು ಅದು. ಹೆಪ್ಪುಗಟ್ಟಿದ ನೀರಿನ ಪಾಡೇನು?

ದಾರಿಯುದ್ದಕ್ಕೂ ಬಾಯಾರಿದ ಊರುಗಳಿಗೆಲ್ಲ ಒಡೆದೊಡೆದು ದಾನ ಮಾಡಿದ್ದರಿಂದ ಸಾಲೆಗೆ ಬಂದಾಗ ಮುಷ್ಟಿಯಷ್ಟೇ ಉಳಿದಿತ್ತು. ಇದನ್ನು ನಂಬದವನು ಸುತ್ತ ಹತ್ತು ಹಳ್ಳಿಯಲ್ಲಿ ಒಬ್ಬನೂ ಇಲ್ಲವೆಂದು ಮಾಸ್ತರರು ಹೇಳುತ್ತಿದ್ದರು. ನಂಬಿದವರು ಮಾತ್ರ ನಿಜಕ್ಕೂ ಇದ್ದರು. ಹುಣಸಿಕೊಪ್ಪದ ಮೂರನೇ ತರಗತಿಯ ಮಕ್ಕಳು. ಅವರನ್ನು ಬಿಟ್ಟರೆ ಮತ್ತಾರೂ ಇಲ್ಲ.

ಇದೆಲ್ಲ ಶುರುವಾದದ್ದು ಒಂದು ಟೀವಿಯಿಂದ. ಪಕ್ಕದೂರಿನ ಸಾಲೆಯಲ್ಲಿ ಪ್ರಭುರಾಜ ಮಾಸ್ತರರೆಂಬವರು ಇದ್ದರು. ಭಾಗ್ಯನಗರದ ಮನೆಯಿಂದ ದಿನಾ ಬೈಕಿನ ಮೇಲೆ ಬಂದರೂ ಅವರ ಅಂಗಿಯ ಇಸ್ತ್ರಿ ಮುರಿಯುತ್ತಿರಲಿಲ್ಲ. ಮುರಿಯುವಷ್ಟು ಕೆಲಸ ಅವರು ಎಂದು ಮಾಡಿದ್ದರು ಎಂದು ಕಳಕಪ್ಪ ಮಾಸ್ತರರು ಕೇಳುತ್ತಿದ್ದರು. ಆ ಪ್ರಭುರಾಜರು ಯಾವನೋ ದಾನಿಯನ್ನು ಹಿಡಿದು, ಶಾಲು ಹೊದಿಸಿ, ಫೋಟೋ ತೆಗೆಸಿ, ತರಗತಿಗೆ ಗೋಡೆಯಗಲದ ಟೀವಿ ತರಿಸಿಬಿಟ್ಟರು. ಅದನ್ನು ಕಂಡು ಕಳಕಪ್ಪ ಮಾಸ್ತರರ ಹೊಟ್ಟೆಯೇನೂ ಉರಿಯಲಿಲ್ಲ. ಅವರದು ಉರಿಯುವ ಹೊಟ್ಟೆಯೇ ಅಲ್ಲ. ಆ ಸಾಲೆಯ ಮುಂದೆ ಹಾಯುವಾಗ ಸುಮ್ಮನೆ ಉಗುಳು ಬರುತ್ತಿತ್ತು, ಅಷ್ಟೇ.

ಫೆಬ್ರವರಿ ಮುಗಿಯುವ ಹೊತ್ತಿಗೆ ಅಳವಂಡಿಯಲ್ಲಿ ಶಿಕ್ಷಕರಿಗೆ ತರಬೇತಿಯಾಯಿತು. ಮಕ್ಕಳಿಗೆ ಘನ, ದ್ರವ, ಅನಿಲ ಎಂಬ ವಸ್ತುವಿನ ಮೂರು ಸ್ಥಿತಿಗಳನ್ನು ಕಲಿಸುವುದು ಹೇಗೆ ಎಂಬುದು ವಿಷಯ. ಮಗಳ ಮದುವೆ ಮಾಡಿ ಮುಗಿಸಿದ ಗಂಡಸರು ದುಂಡಗೆ ಕುಳಿತು ಪುಗ್ಗೆ ಊದಿದರು. ಊದಿ ಊದಿ ಕೆಂಪಾದ ಮೇಲೆ ಗಾಳಿಯೂ ಜಾಗ ಹಿಡಿಯುತ್ತದೆ ಎಂದು ಕಂಡುಹಿಡಿದರು. ಉರುಸಿನಲ್ಲಿ ಪೀಪಿ ಪುಗ್ಗೆ ಕೊಂಡ ಕೂಸಿಗೆ ಹುಟ್ಟಿದಾರಭ್ಯ ಗೊತ್ತಿದ್ದ ಈ ಸಂಗತಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಕಳಕಪ್ಪ ಮಾಸ್ತರರು ತಮ್ಮ ಪುಗ್ಗೆಯನ್ನು ಊದದೆ ಕಿಸೆಯಲ್ಲಿಟ್ಟುಕೊಂಡರು. ಆ ದಿನ ಅಲ್ಲಿ ಮಾನ ಉಳಿಸಿಕೊಂಡವರು ಅವರೊಬ್ಬರೇ.

ಕೊನೆಗೆ ಸಿಆರ್‌ಪಿ ಕನಕಪ್ಪ ಎದ್ದು ನಿಂತರು. ಸುತ್ತಲಿನ ಸಾಲೆಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಅವರು ಎಂದು ಯಾವ ಸಾಲೆಗೆ ಬರುತ್ತಾರೆ ಎಂಬುದು ಅವರ ಬೈಕಿಗೂ ಗೊತ್ತಿರುವುದಿಲ್ಲ. ಬರುವ ತಿಂಗಳ ಮೂರನೇ ಶನಿವಾರ ಅಳವಂಡಿಯಲ್ಲಿ ಮೂರನೇ ತರಗತಿಯವರಿಗೆ ಪ್ರಶ್ನೆ ಸ್ಪರ್ಧೆ, ಸಾಲೆಗೊಂದು ಮಗು, ಇದೇ ಪಾಠ ಎಂದು ಸಾರಿ ಅವರು ಕುಳಿತರು.

ಹೊರಗೆ ಬಂದು ಚಹಾದಂಗಡಿಯ ಬೆಂಚಿನ ಮೇಲೆ ಕುಳಿತಾಗ ಪ್ರಭುರಾಜರು ಬಾಯಿ ಬಿಟ್ಟರು.

“ಕಳಕಪ್ಪ ಸರ, ನಮ್ಮ ಹುಡುಗ್ರಿಗೆ ಟೀವ್ಯಾಗ ಬರ್ಫ ಕರಗೂದು ತೋರಿಸೀನಿ. ಒಂದೊಂದ ಹನಿ ಬೀಳೂದು ಎಣಿಸಬೇಕು, ಅಷ್ಟು ಸಾವಕಾಶ. ನೀವೇನ್ ತೋರಸ್ತೀರಿ?”

“ಟೀವ್ಯಾಗಿನ ಬರ್ಫ ನೆಕ್ಕಿದ್ರ ನಾಲಿಗಿಗಿ ಧೂಳ ಹತ್ತತೈತೋ ಪ್ರಭುರಾಜ. ನಾ ಖರೇ ಬರ್ಫ ತರ್ತೀನಿ.”

“ಈ ಬಿಸಲಾಗ? ಹುಣಸಿಕೊಪ್ಪಕ್ಕ? ಹಸಿ ಗೋಣಿಚೀಲ ಬರತೈತಿ ನೋಡ್ರಿ.”

“ಹನಿ ಕರಗಲಾರದಂಗ ತರ್ತೀನಿ. ಕರಗಿದ್ರ ನನ್ನ ಹೆಸರು ಕಳಕಪ್ಪ ಅಲ್ಲ. ನನ್ನ ಕೈಯಾಗಿನ ಕೂಸು ನಿನ್ನ ಕೂಸನ್ನ ಸೋಲಸಲಿಲ್ಲ ಅಂದ್ರ ನಿನ್ನ ಟೀವಿಗೆ ನಾನ ಹಾರ ಹಾಕಿ, ಊದಿನಕಡ್ಡಿ ಬೆಳಗಿ, ಊರ ಮುಂದ ಕೈ ಮುಗೀತೀನಿ. ಹೇಳು, ನೀ ಸೋತ್ರ?”

ಪ್ರಭುರಾಜರು ನಕ್ಕರು. “ನಾ ಸೋತ್ರ ನಿಮ್ಮ ಸಾಲಿಗಿ ಬಂದು, ಹುಡುಗ್ರ ನಡುವ ನೆಲದ ಮ್ಯಾಲ ಕುಂತು ನಿಮ್ಮ ಪಾಠ ಕೇಳ್ತೀನ್ರಿ.”

“ನಾ ಸಾಕ್ಷಿ,” ಎಂದರು ಕನಕಪ್ಪ, ಇನ್ನೊಬ್ಬರ ದುಡ್ಡಿನ ಚಹಾ ಕುಡಿಯುತ್ತ. ಅವರು ಮಾಡಿದ ಕೆಲಸವೆಂದು ತೋರಿಸಬಹುದಾದದ್ದು ಆ ವರ್ಷ ಇದೊಂದೇ.

ಹೀಗೆ ಒಂದು ಕಡೆ ಟೀವಿಗೆ ಹಾರ, ಇನ್ನೊಂದು ಕಡೆ ಇಸ್ತ್ರಿ ಅಂಗಿಯ ಪ್ರಭುರಾಜ ನೆಲದ ಮೇಲೆ. ಕಳಕಪ್ಪ ಮಾಸ್ತರರು ಕಣ್ಣು ಮುಚ್ಚಿದಾಗಲೆಲ್ಲ ಎರಡನೆಯದನ್ನೇ ನೋಡುತ್ತಿದ್ದರು. ಮೊದಲನೆಯದನ್ನು ನೋಡುವ ಅಭ್ಯಾಸ ಅವರಿಗಿರಲಿಲ್ಲ.

ಪಾಠ ಶುರುವಾಯಿತು. ಪಠ್ಯಪುಸ್ತಕದಲ್ಲಿ ಒಂದು ಕಲ್ಲು, ಒಂದು ಲೋಟ ನೀರು ಮತ್ತು ಒಂದು ಪುಗ್ಗೆಯ ಚಿತ್ರವಿತ್ತು. ಮಾಸ್ತರರು ಅದನ್ನು ಎರಡು ಬೆರಳಿನಲ್ಲಿ ಹಿಡಿದು, ಸತ್ತ ಇಲಿಯನ್ನು ಬಿಸಾಡುವಂತೆ ಮೇಜಿನ ಮೇಲೆ ಬಿಸಾಡಿದರು. “ಇದನ್ನ ಬರದವ್ರು ಕಲ್ಲೂ ನೋಡಿಲ್ಲ, ನೀರೂ ಕುಡದಿಲ್ಲ. ನಾ ಹೇಳ್ತೀನಿ ಕೇಳ್ರಿ. ಘನ ಅಂದ್ರೇನು?”

“ದೊಡ್ಡವ್ರು ರೀ!” ಎಂದಳು ಖುಷ್ಬು. ಕೌದಿ ಹೊಲಿಯುವ ನೂರಜಾನಬಿಯ ಮೊಮ್ಮಗಳು ಆಕೆ, ಅಜ್ಜಿಯನ್ನು ದಾದಿ ಎನ್ನುವವಳು. ಕೇಳಿದ ಪ್ರಶ್ನೆಗೆ ಎಲ್ಲರಿಗಿಂತ ಮೊದಲು ಉತ್ತರ ಕೊಟ್ಟು, ಆಮೇಲೆ ಯಾರೂ ಕೇಳದ ಎರಡು ಪ್ರಶ್ನೆಯನ್ನು ತಾನೇ ಕೇಳುವವಳು. “ಬ್ಯಾನರಿನ್ಯಾಗ ಬರ್ದಿರ್ತಾರಲ್ರೀ, ‘ಘನ ಅಧ್ಯಕ್ಷತೆ’ ಅಂತ.”

ಮಕ್ಕಳು ನಕ್ಕರು. ಮಾಸ್ತರರು ನಗಲಿಲ್ಲ. ಪುಸ್ತಕ ಬರೆದವರಿಗೆ ಹೊಳೆಯದ್ದು ಈ ಹುಡುಗಿಗೆ ಹೊಳೆದಿದೆ ಎನ್ನಿಸಿ ಅವರ ಮೀಸೆ ತಾನಾಗಿ ಮೇಲೆ ಹೋಯಿತು.

“ಶಾಬಾಸ್! ಘನ ಅಂದ್ರ ದೊಡ್ಡವರು, ಗಟ್ಟಿ ಇದ್ದವರು. ಎಲ್ಲಿಟ್ರೂ ತಮ್ಮ ಆಕಾರ ಬಿಡಂಗಿಲ್ಲ. ಉದಾಹರಣಿಗೆ, ನಾನು. ಮಂತ್ರಿ ಬರಲಿ, ಮಹಾರಾಜ ಬರಲಿ, ಕಳಕಪ್ಪ ಇದ್ದಂಗ ಇರ್ತಾನ. ದ್ರವ ಅಂದ್ರ? ಯಾವ ಪಾತ್ರ್ಯಾಗ ಹಾಕಿದ್ರ ಆ ಪಾತ್ರಿ ಆಕಾರ. ಉದಾಹರಣಿಗೆ, ಪ್ರಭುರಾಜ ಸರ. ಯಾವ ಸಾಹೇಬ್ರು ಬಂದ್ರ ಆ ಸಾಹೇಬ್ರಂಗ ಆಗ್ತಾರ. ಇನ್ನ ಅನಿಲ ಅಂದ್ರೇನು?”

“ನಮ್ಮ ಮಾಮಾ ರೀ,” ಎಂದಳು ಹಿಂದಿನ ಸಾಲಿನ ಮಾರೆವ್ವ. “ಕನಕಗಿರ್ಯಾಗ ಇರ್ತಾನ್ರಿ.”

“ನಿಮ್ಮ ಮಾಮಾನ ಹೆಸರು ಅನಿಲ. ಇದು ಬ್ಯಾರೆ. ಇದಕ್ಕ ಆಕಾರನೂ ಇಲ್ಲ, ಒಂದು ಜಾಗನೂ ಇಲ್ಲ. ಎಲ್ಲಾ ಕಡಿ ಐತಿ ಅಂತಾರ, ಕಣ್ಣಿಗೆ ಕಾಣಂಗಿಲ್ಲ. ಉದಾಹರಣಿಗೆ, ನಮ್ಮ ಸಿಆರ್‌ಪಿ ಕನಕಪ್ಪ ಸರ.”

ಮಕ್ಕಳು ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದರು. ಕಲ್ಲು, ನೀರು, ಪುಗ್ಗೆಯನ್ನು ನೆನಪಿಡಲಾರದ ಹುಡುಗರು ಕೂಡ ಇದನ್ನು ಮರೆಯಲಿಲ್ಲ. ಇಡೀ ಕೊಪ್ಪಳ ಜಿಲ್ಲೆಯಲ್ಲಿ ಇಂಥ ಬೋಧನೆ ಹಿಂದೆ ಆಗಿರಲಿಲ್ಲ, ಮುಂದೆ ಆಗುವ ಅಪಾಯವೂ ಇರಲಿಲ್ಲ.

ಖುಷ್ಬು ಮಾತ್ರ ಕೈ ಎತ್ತಿದಳು. “ಸರ, ಜ್ವಾಳ ಚೀಲದಾಗ ಸುರುವಿದ್ರ ಚೀಲದಂಗ ಆಗತೈತಿ, ಸೇರಿನ್ಯಾಗ ಸುರುವಿದ್ರ ಸೇರಿನಂಗ ಆಗತೈತಿ. ಹಂಗಾದ್ರ ಜ್ವಾಳ ದ್ರವ ಏನ್ರಿ?”

ಮಾಸ್ತರರು ಒಂದು ಗಳಿಗೆ ಕಿಟಕಿಯ ಹೊರಗೆ ನೋಡಿದರು. ಅಲ್ಲಿ ಒಂದು ಆಡು ಬಿಟ್ಟು ಬೇರೇನೂ ಇರಲಿಲ್ಲ.

“ಜ್ವಾಳ ತಿನ್ನೂದು, ಕೇಳೂದಲ್ಲ. ಕುಂದ್ರು.”

ಆಕೆ ಕುಳಿತಳು. ಸ್ಪರ್ಧೆಗೆ ಆಕೆಯೇ ಎಂದು ಮಾಸ್ತರರು ಆ ಹೊತ್ತೇ ಗೊತ್ತು ಮಾಡಿದರು.

ಮರುದಿನ ಗಂಗಾವತಿಗೆ ಹೋಗಿ ಬರ್ಫ ತರುತ್ತೇನೆಂದು ಮಾಸ್ತರರು ಅರ್ಧ ದಿನ ರಜೆ ಹಾಕಿದರು. ಮಧ್ಯಾಹ್ನದ ಊಟ ಮುಗಿಸಿ ಮಕ್ಕಳು ತಟ್ಟೆ ತೊಳೆಯುವಾಗ ಬಂದರು. ಅಂಗಿ ಬೆವರಿನಿಂದ ಬೆನ್ನಿಗಂಟಿತ್ತು, ಕೈಯಲ್ಲಿ ಬಿಳಿ ಅರಿವೆಯ ಗಂಟಿತ್ತು. ಎಮ್ಮೆ ಗಾತ್ರದ ಗಡ್ಡೆಯ ಕತೆಯನ್ನು ಮೊದಲು ಹೇಳಿದರು. ಕಾಗೆಗಳನ್ನೂ ಬಂಡೆಗಳನ್ನೂ ಬಿಡಲಿಲ್ಲ. ಆಮೇಲೆ ಗಂಟು ಬಿಚ್ಚಿದರು.

ಮೇಜಿನ ಮೇಲೆ ಮುಷ್ಟಿ ಗಾತ್ರದ, ಗಾಜಿನಂಥ, ನಡುವೆ ಹಾಲಿನ ಮಬ್ಬಿದ್ದ ಗಡ್ಡೆ ಹೊಳೆಯಿತು. ಮಕ್ಕಳು ಒಬ್ಬರ ಹೆಗಲ ಮೇಲೊಬ್ಬರು ಏರಿ ಬಗ್ಗಿದರು.

“ಯಾರೂ ಮುಟ್ಟಬ್ಯಾಡ್ರಿ. ಬಟ್ಟು ಸುಡತಾವ.”

“ಬರ್ಫ ತಂಪಿರತೈತಲ್ರೀ ಸರ?” ಎಂದಳು ಖುಷ್ಬು.

“ಅತೀ ತಂಪಾದ್ರ ಸುಡತೈತಿ. ಪುಸ್ತಕದಾಗ ಇದನ್ನ ಬರ್ದಿಲ್ಲ. ಅವ್ರಿಗೆ ಗೊತ್ತಿದ್ರ ಬರೀತಿದ್ರು.”

“ನಾವು ತಿನ್ನೂ ಐಸ್ ಕ್ಯಾಂಡಿ ಮಣಕೈತನಕ ಸೋರತೈತ್ರಿ. ಇದ್ಯಾಕ ಸೋರವಲ್ದು?”

“ಅದನ್ನ ಮಾರಾವ ನಕ್ಕೋತ ಮಾರ್ತಾನ. ಅದಕ್ಕ ಅಂಜಿಕಿ ಇಲ್ಲ. ಇದಕ್ಕ ನಾ ಕಣ್ಣು ಬಿಟ್ಟೀನಿ.”

ತಗಡಿನ ಮಾಡು ಕಾದು ಚಟಚಟ ಅನ್ನುತ್ತಿತ್ತು. ಮಕ್ಕಳು ಸಾಲೆ ಬಿಡುವವರೆಗೂ ಗಡ್ಡೆಯನ್ನು ನೋಡಿದರು. ಮಾಸ್ತರರ ಗದ್ದದಿಂದ ಬೆವರು ಹನಿಹನಿಯಾಗಿ ಮೇಜಿನ ಮೇಲೆ ಬಿತ್ತು. ಗಡ್ಡೆಯಿಂದ ಒಂದು ಹನಿಯೂ ಬೀಳಲಿಲ್ಲ. ಅವರು ಹಲಗೆ ಒರೆಸಲು ತಿರುಗಿದ್ದೇ ತಡ, ಖುಷ್ಬು ಬಗ್ಗಿ ಅದನ್ನು ಒಮ್ಮೆ ನೆಕ್ಕಿಬಿಟ್ಟಳು.

“ಸರ! ಬರ್ಫ ಒಗರೈತ್ರಿ!”

“ಕಾಲುವಿ ನೀರಿನ ಗುಣ ಅದು,” ಎಂದರು ಮಾಸ್ತರರು, ಹಿಂದಿರುಗಿ ನೋಡದೆ.

“ನಮ್ಮ ಮನಿ ಬಾಗಲಿಗಿ ದಾದಿ ಇಂಥಾದ ಒಂದು ಕಟ್ಯಾಳ್ರಿ. ಕರಿ ಅರಿಬ್ಯಾಗ ಸುತ್ತಿ, ದೃಷ್ಟಿ ಆಗಬಾರ್ದಂತ. ಅದೂ ಹಿಂಗ ಹೊಳಿತೈತ್ರಿ.”

ಹಲಗೆ ಒರೆಸುವ ಕೈ ನಿಂತಿತು. ಒಂದು ಹುಲಿಯನ್ನು ಕಣ್ಣಲ್ಲೇ ಹಿಮ್ಮೆಟ್ಟಿಸಿದ್ದೇನೆಂದು ಹೇಳಿಕೊಳ್ಳುವ ಮಾಸ್ತರರು ಬಾಗಿಲಿಗೆ ಕಟ್ಟಿದ ಒಂದು ಗಂಟಿಗೆ ಹೆದರಿದರು ಎಂದರೆ ಯಾರಾದರೂ ನಂಬುವ ಮಾತೇ? ಅವರು ಕೆಮ್ಮಿದರು, ಬಾಯಿಗೆ ಬಂದದ್ದನ್ನು ಹೇಳಿದರು. “ಹಂಗಾದ್ರ ನಿಮ್ಮ ದಾದಿನೂ ಶಾಣೇಕಿ. ಅದೂ ಬರ್ಫನ. ಅಕೀನೂ ಅಂಜಿಸಿ ಕಟ್ಯಾಳ, ಅದಕ್ಕ ಕರಗಿಲ್ಲ.”

ಇಡೀ ತರಗತಿ ಖುಷ್ಬುವಿನ ಕಡೆ ತಿರುಗಿ ನೋಡಿತು. ಯಾರ ಮನೆಯಲ್ಲೂ ಇಲ್ಲದ್ದು ತನ್ನ ಮನೆಯಲ್ಲಿದೆ ಎಂಬುದು ಆ ಹುಡುಗಿಯ ಜೀವನದಲ್ಲಿ ಅದೇ ಮೊದಲು. ಆಕೆ ಆ ದಿನ ಮನೆಗೆ ನಡೆದು ಹೋಗಲಿಲ್ಲ, ಕುಣಿದು ಹೋದಳು.

ಸ್ಪರ್ಧೆಯ ಶನಿವಾರ ಬಂತು. ಅಳವಂಡಿಯಲ್ಲಿ ಶಾಮಿಯಾನ ಹಾಕಿ, ‘ಘನ ಅಧ್ಯಕ್ಷತೆ: ಶ್ರೀ ಕನಕಪ್ಪ’ ಎಂದು ಬ್ಯಾನರ್ ಕಟ್ಟಿದ್ದರು. ಖುಷ್ಬು ಅದನ್ನು ಓದಿ, ಕನಕಪ್ಪನವರನ್ನು ನೋಡಿ, ಮಾಸ್ತರರ ಅಂಗಿ ಜಗ್ಗಿದಳು. “ಸರ, ತಪ್ಪು ಬರ್ದಾರ್ರಿ. ಅವ್ರು ಅನಿಲ ಅಲ್ರೀ?”

“ಶ್ಶ್! ಸುಮ್ನಿರು.”

ಪ್ರಶ್ನೆ ಕೇಳಲು ಯಲಬುರ್ಗಾದಿಂದ ಶೈಲಜಾ ಅಕ್ಕೋರು ಬಂದಿದ್ದರು. ಅವರಿಗೆ ನಗುವ ಅಭ್ಯಾಸವಿಲ್ಲ ಎಂದು ಶಿಕ್ಷಕರಲ್ಲಿ ಪ್ರತೀತಿಯಿತ್ತು. ಸುತ್ತಿನ ಮೇಲೆ ಸುತ್ತು ಆಗಿ ಉಳಿದವರು ಇಬ್ಬರೇ, ಪ್ರಭುರಾಜರ ಒಬ್ಬ ಹುಡುಗ ಮತ್ತು ಖುಷ್ಬು. ಆ ಹುಡುಗ ಗುಂಡಿ ಒತ್ತಿದ ಟೀವಿಯಂತೆ, ಅದೇ ದನಿಯಲ್ಲಿ, ಅದೇ ರಾಗದಲ್ಲಿ ಉತ್ತರ ಕೊಡುತ್ತಿದ್ದ. ನಡುವೆ ಜಾಹೀರಾತು ಬರಲಿಲ್ಲ ಅನ್ನುವುದೇ ಪುಣ್ಯ.

“ಘನ ವಸ್ತು ಅಂದ್ರೇನವ್ವಾ?” ಎಂದು ಶೈಲಜಾ ಅಕ್ಕೋರು ಖುಷ್ಬುವನ್ನು ಕೇಳಿದರು.

“ಎಲ್ಲಿಟ್ರೂ ತನ್ನ ಆಕಾರ ಬಿಡಂಗಿಲ್ರಿ.”

“ಸರಿ. ಒಂದು ಉದಾಹರಣಿ?”

“ನಮ್ಮ ಕಳಕಪ್ಪ ಸರ್ರೀ.”

ಶಾಮಿಯಾನ ನಕ್ಕಿತು. ಅಕ್ಕೋರು ಮಾಸ್ತರರನ್ನು ಕಾಲಿನಿಂದ ತಲೆಯವರೆಗೆ ನೋಡಿ, “ಇರ್ಲಿ. ಮನಿಷಾನ ಮೈಯೂ ಗಟ್ಟಿನ,” ಎಂದು ಅಂಕ ಕೊಟ್ಟರು. ಮಾಸ್ತರರ ಎದೆ ಶಾಮಿಯಾನದ ಎರಡು ಗೂಟ ಕೀಳುವಷ್ಟು ಉಬ್ಬಿತು.

“ದ್ರವಕ್ಕ?”

“ಪ್ರಭುರಾಜ ಸರ್ರೀ. ಯಾವ ಸಾಹೇಬ್ರು ಬಂದ್ರ ಆ ಸಾಹೇಬ್ರಂಗ ಆಗ್ತಾರ್ರಿ.”

ಉಬ್ಬಿದ ಎದೆ ಅರ್ಧಕ್ಕೆ ನಿಂತಿತು. ಪ್ರಭುರಾಜರು ಕುರ್ಚಿಯಿಂದ ಅರ್ಧ ಎದ್ದರು. ಇಸ್ತ್ರಿ ಮೊದಲ ಸಲ ಮುರಿಯಿತು. ಮಾಸ್ತರರು ಜನರ ನಡುವಿನಿಂದ ಖುಷ್ಬುವಿಗೆ ಬೇಡ, ಬೇಡ ಎಂದು ಕೈ ಬೀಸಿದರು. ಆಕೆ ಅದನ್ನು ಶಾಬಾಸ್ ಎಂದು ತಿಳಿದಳು. ಕೇಳುವ ಮೊದಲೇ ಹೇಳಿಬಿಟ್ಟಳು:

“ಅನಿಲಕ್ಕ ಸಿಆರ್‌ಪಿ ಸರ್ರೀ. ಎಲ್ಲಾ ಕಡಿ ಅದಾರ ಅಂತಾರ, ಕಣ್ಣಿಗೆ ಕಾಣಂಗಿಲ್ಲ.”

ಘನ ಅಧ್ಯಕ್ಷರಿಗೆ ಚಹಾ ನೆತ್ತಿಗೇರಿತು. ಶೈಲಜಾ ಅಕ್ಕೋರು ಪ್ರಶ್ನೆಯ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಹಾಳೆ ನಡುಗುತ್ತಿತ್ತು. ಹಾಳೆ ಇಳಿಸಿದಾಗ ಮುಖ ಮತ್ತೆ ಮೊದಲಿನಂತೆಯೇ ಇತ್ತು.

“ಅರ್ಥ ಎಲ್ಲಾ ಸರಿ ಹೇಳ್ಯಾಳ. ಉದಾಹರಣಿ ಯಾರು ಕೊಟ್ಟಾರ ಅಂತ ನನಗ ಬ್ಯಾಡ. ಇಬ್ರೂ ಸಮ ಅದಾರ. ಕಡೀ ಪ್ರಶ್ನಿ. ಬರ್ಫನ್ನ ಬಿಸಲಾಗ ಇಟ್ರ ಏನಾಗತೈತಿ?”

“ಘನರೂಪದ ಬರ್ಫ ಕರಗಿ ದ್ರವರೂಪದ ನೀರಾಗುತ್ತದೆ,” ಎಂದಿತು ಪ್ರಭುರಾಜರ ಟೀವಿ.

“ನೀನವ್ವಾ?”

ಖುಷ್ಬು ಗಟ್ಟಿಯಾಗಿ ಹೇಳಿದಳು, “ಅಂಜಿಸಿ ಇಟ್ರ ಏನೂ ಆಗಂಗಿಲ್ರಿ. ಕರಗಂಗಿಲ್ಲ.”

ಈ ಸಲದ ನಗು ಮೊದಲಿನ ನಗುವಿನಂತಿರಲಿಲ್ಲ. ಅದು ಆ ಹುಡುಗಿಯ ಮೇಲೆಯೇ ಬಿತ್ತು. ಪ್ರಭುರಾಜರಿಗೆ ಹಿಡಿ ಸಿಕ್ಕಿತು. “ನೋಡ್ರಿ ಅಕ್ಕೋರ! ಸಣ್ಣ ಹುಡುಗ್ಯಾರಿಗೆ ಸುಳ್ಳು ಹೇಳೂದು ಕಲಿಸಿ ಕಳಸ್ಯಾರ. ಏ ಸುಳ್ಳಬುರಕಿ, ಕುಂದ್ರು ಸಾಕು!”

“ನಾ ಸುಳ್ಳು ಹೇಳಿಲ್ರಿ.” ಖುಷ್ಬು ಕುಳಿತುಕೊಳ್ಳಲಿಲ್ಲ. “ಕಣ್ಣಾರೆ ನೋಡೀನಿ. ನಮ್ಮ ಸರ ಗಂಗಾವತಿಯಿಂದ ತಂದಿದ್ರು, ಹನೀನೂ ಕರಗಲಿಲ್ಲ. ನಮ್ಮ ಸರ ಸುಳ್ಳು ಹೇಳಂಗಿಲ್ಲ. ಬೇಕಾದ್ರ ನೋಡ್ರಿ!”

ಆಕೆ ಸಾಲೆಯ ಚೀಲಕ್ಕೆ ಕೈ ಹಾಕಿದಳು. ಹೊರಗೆ ಬಂದದ್ದು ಕರಿ ಅರಿವೆಯ ಸಣ್ಣ ಗಂಟು. ಕಟ್ಟಿದ್ದ ದಾರವನ್ನು ಹಲ್ಲಿನಿಂದ ಕಡಿದದ್ದು ಕಾಣುತ್ತಿತ್ತು. ಬೆಳಗ್ಗೆ ದಾದಿ ನೀರಿಗೆ ಹೋದಾಗ ಬಾಗಿಲಿನಿಂದ ಬಿಚ್ಚಿ ತಂದಿದ್ದಳು. ಅರಿವೆ ತೆಗೆದು ಗಡ್ಡೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಅದು ಹೊಳೆಯಿತು. ಅಳವಂಡಿಯ ಬಿಸಿಲು ಅದರೊಳಗೆ ಹಾದು ಈಚೆ ಬಂತು. ಹನಿ ಬೀಳಲಿಲ್ಲ.

“ಇದೂ ಬರ್ಫರೀ. ನಮ್ಮ ದಾದಿ ಕಟ್ಟಿ ಎರಡ ವರ್ಷ ಆತು.”

ಶೈಲಜಾ ಅಕ್ಕೋರು ಇಳಿದು ಬಂದು ಗಡ್ಡೆಯನ್ನು ಕೈಗೆ ತೆಗೆದುಕೊಂಡರು. ಬೆರಳು ಒದ್ದೆ ಮಾಡಿ ಸವರಿ, ನಾಲಿಗೆಗೆ ಹಚ್ಚಿಕೊಂಡರು. ಆಮೇಲೆ ಬಹಳ ಮೆತ್ತಗೆ ಕೇಳಿದರು. “ಇದು ಪಟಿಕ ಅಲ್ಲೇನವ್ವಾ? ಕಟಿಂಗ್ ಅಂಗಡ್ಯಾಗ ಗಡ್ಡ ಹೆರದ ಮ್ಯಾಲ ಗಲ್ಲಕ್ಕ ತಿಕ್ಕತಾರಲ್ಲ, ಅದು. ನಿಮ್ಮ ಮನ್ಯಾಗ ಫಿಟ್ಕರಿ ಅಂತೀರಿ.”

ಶಾಮಿಯಾನದ ಗೂಟಗಳೂ ನಕ್ಕವು. ಪ್ರಭುರಾಜರು ಚಪ್ಪಾಳೆ ತಟ್ಟಿ ನಕ್ಕರು. ಖುಷ್ಬು ನಗುವವರನ್ನು ಒಬ್ಬೊಬ್ಬರನ್ನಾಗಿ ನೋಡಿ, ಕೊನೆಗೆ ಕಳಕಪ್ಪ ಮಾಸ್ತರರನ್ನು ನೋಡಿದಳು.

“ಸರ, ಹೇಳ್ರಿ ಇವ್ರಿಗೆ.”

ಮಾಸ್ತರರ ಬಾಯಲ್ಲಿ ಸುಳ್ಳುಗಳಿಗೆ ಎಂದೂ ಬರವಿರಲಿಲ್ಲ. ಆಗಲೂ ನಾಲ್ಕೈದು ಸಾಲಾಗಿ ನಿಂತಿದ್ದವು, ಒಂದಕ್ಕಿಂತ ಒಂದು ಛಲೋ. ಹುಡುಗಿ ತಪ್ಪು ತಿಳಿದುಕೊಂಡಳು ಎನ್ನಬಹುದಿತ್ತು. ನನ್ನ ಬರ್ಫ ಬೇರೆ, ಇವಳ ಫಿಟ್ಕರಿ ಬೇರೆ ಎನ್ನಬಹುದಿತ್ತು. ಇದು ಅತ್ಯುತ್ತಮವಾಗಿತ್ತು, ಯಾರೂ ತೆಗೆದುಹಾಕಲಾರದಂಥದ್ದು. ಇದೊಂದನ್ನು ಹೇಳಿಬಿಟ್ಟರೆ ಮಾಸ್ತರರು ಬಚಾವ್. ಸುಳ್ಳಬುರಕಿ ಎಂಬ ಹೆಸರು ಹೊತ್ತು ಮನೆಗೆ ಹೋಗುವವಳು ಖುಷ್ಬು, ಅದೂ ದಾರ ಕಡಿದ ಗಂಟಿಗೆ ದಾದಿಯ ಕೈಯ ಏಟು ತಿನ್ನಲು. ಅವರು ಬಾಯಿ ತೆರೆದರು. ಹುಡುಗಿ ಅವರ ಬಾಯನ್ನೇ ನೋಡುತ್ತಿದ್ದಳು, ಗಡ್ಡೆ ಅಕ್ಕೋರ ಕೈಗೆ ಹೋಗಿದ್ದರೂ ಖಾಲಿ ಕೈಯನ್ನು ಇನ್ನೂ ಎತ್ತಿಯೇ ಇದ್ದಳು.

“ಹುಡುಗಿ ಸುಳ್ಳು ಹೇಳಿಲ್ಲ,” ಎಂದರು ಮಾಸ್ತರರು. ದನಿ ತಮ್ಮದೆಂದು ಅವರಿಗೇ ಗುರುತು ಹತ್ತಲಿಲ್ಲ. “ಅಕೀಗೆ ನಾ ಸುಳ್ಳು ಹೇಳೀನಿ. ಅವತ್ತು ನಾ ತೋರಿಸಿದ್ದೂ ಪಟಿಕನ.”

“ಗಂಗಾವತಿದು ಅಂದ್ರಲ್ರೀ?” ಎಂದಳು ಖುಷ್ಬು.

“ಗಂಗಾವತಿಗೆ ನಾ ಹೋಗೇ ಇಲ್ಲವ್ವ. ಕೊಪ್ಪಳ ಬಸ್‌ಸ್ಟ್ಯಾಂಡಿನ್ಯಾಗ ಅಬ್ದುಲರೌಫನ ಗಾಡ್ಯಾಗ ಒಂದು ಬರ್ಫದ ತುಂಡು ತಗೊಂಡಿದ್ದೆ. ಇಟ್ಟಂಗಿಯಷ್ಟು.”

“ಎಮ್ಮಿಯಷ್ಟು...”

“ಇಟ್ಟಂಗಿಯಷ್ಟು. ಗೋಣಿಚೀಲದಾಗ ಸುತ್ತಿ ಬೆಂಚಿನ ಕೆಳಗ ಇಟ್ಟು ಚಹಾ ಕುಡ್ಯಾಕ ಕುಂತೆ. ಅಲ್ಲಿ ನಾಕ ಮಂದಿ ಸಿಕ್ರು. ಅವ್ರಿಗೆ ಹೇಳ್ಕೋತ ಕುಂತೆ, ನಾ ಬರ್ಫ ಒಯ್ದ್ರ ಹನಿ ಕರಗಂಗಿಲ್ಲ ಅಂತ. ಒಂದು ಬಸ್ ಹೋತು, ಇನ್ನೊಂದು ಹೋತು. ಎದ್ದು ನೋಡ್ತೀನಿ, ಚೀಲದಾಗ ಏನಿಲ್ಲ. ನಾ ಕರಗಂಗಿಲ್ಲ ಅಂತ ಹೇಳೂಮುಂದ ನನ್ನ ಚಪ್ಪಲಿ ಕೆಳಗ ಹರಕೋತ ಹೋಗೇತಿ.”

ಯಾರೂ ನಗಲಿಲ್ಲ. ನಗಬೇಕೆಂದು ಪ್ರಭುರಾಜರು ಬಾಯಿ ತೆರೆದಿದ್ದರು, ಶೈಲಜಾ ಅಕ್ಕೋರು ಒಮ್ಮೆ ನೋಡಿದ ಮೇಲೆ ಮುಚ್ಚಿಕೊಂಡರು.

“ಆ ನೀರು ಎಲ್ಲಿ ಹೋತ್ರಿ?” ಎಂದಳು ಖುಷ್ಬು. ಆಕೆಯ ಕಣ್ಣಲ್ಲಿ ನೀರಿತ್ತು, ಪ್ರಶ್ನೆ ಮಾತ್ರ ನಿಲ್ಲಲಿಲ್ಲ.

“ಒಂದೀಟು ನಾಯಿ ಕುಡೀತು. ಉಳಿದದ್ದು ನೋಡ್ತಾ ನೋಡ್ತಾ ಒಣಗಿ ಹೋತು.”

“ಒಣಗಿದ್ದು ಎಲ್ಲಿ ಹೋತ್ರಿ?”

“ಹವಾದಾಗ. ಆವಿ ಆಗಿ.”

“ಹಂಗಾದ್ರ,” ಖುಷ್ಬು ಮೂಗು ಒರೆಸಿಕೊಂಡು ಬೆರಳು ಮಡಿಸಿದಳು, “ಮೊದಲ ಘನ ಇತ್ತು, ನಿಮ್ಮ ಚಪ್ಪಲಿ ಕೆಳಗ ದ್ರವ ಆತು, ಆಮ್ಯಾಲ ಅನಿಲ ಆತು. ಹೌದಲ್ರೀ?”

“ಹೌದವ್ವ.”

“ಇದನ್ನ ಅವತ್ತ ಹೇಳಿದ್ರ ಆಗ್ತಿದ್ದಿಲ್ಲೇನ್ರಿ?”

ಹುಲಿ ಹಿಮ್ಮೆಟ್ಟಿಸಿದ ಮಾಸ್ತರರು ನೆಲ ನೋಡಿದರು. ಗದ್ದದಿಂದ ಬೆವರು ಹರಿದು ಕಾಲರಿನೊಳಗೆ ಇಳಿಯುತ್ತಿತ್ತು. “ಹಾರ ನಾನ ತರ್ತೀನಿ, ಪ್ರಭುರಾಜ. ಊದಿನಕಡ್ಡೀನೂ. ಮತ್ತ ಆ ಪಟಿಕ ನಮ್ಮೂರ ಕಟಿಂಗ್ ಅಂಗಡಿ ಯಮನೂರಂದು. ಅವ ನೀರು ತರಾಕ ಹೋದಾಗ ಎತ್ತಿಕೊಂಡು ಬಂದೆ. ಎರಡು ವಾರದಿಂದ ಪಾಪ ಊರ ಗಲ್ಲಗಳೆಲ್ಲ ಉರಿಯಾಕ ಹತ್ಯಾವ.” ಇಷ್ಟು ಹೇಳಿ ಮುಗಿಯಿತೆಂದುಕೊಂಡು ಅವರು ತಿರುಗಿದರು.

“ಸರ.”

“ಇನ್ನೇನವ್ವ?”

“ಜ್ವಾಳ ದ್ರವ ಏನ್ರಿ?”

ಕಳಕಪ್ಪ ಮಾಸ್ತರರು ಶಾಮಿಯಾನದ ಹೊರಗೆ ನೋಡಿದರು. ಅಲ್ಲಿ ಆಡು ಕೂಡ ಇರಲಿಲ್ಲ.

“ನನಗ ಗೊತ್ತಿಲ್ಲ ತಂಗಿ,” ಎಂದರು. “ಅವತ್ತೂ ಗೊತ್ತಿದ್ದಿಲ್ಲ.”